ಮೊಣಕೈ ಪಾಠ

ಮಾರ್ಚ್ 4, ಸೋಮವಾರ

ಅಮ್ಮ ಇವತ್ತು ಮತ್ತೆ ಬಿದ್ದಳು. ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡು ಸಲ ಮನೆಯಲ್ಲಿ ಬಿದ್ದಿದ್ದಳು. ಈ ಸಲ ಮಿಲ್ಲಿನ ನೇಯ್ಗೆ ಶೆಡ್ಡಿನಲ್ಲಿ, ಓಡುತ್ತಿದ್ದ ಎರಡು ಮಗ್ಗಗಳ ನಡುವೆ. ಒಂದು ಗೇಣು ಎಡಕ್ಕೆ ವಾಲಿದ್ದರೆ ಯಂತ್ರದ ಪಟ್ಟಿ ಅವಳ ತೋಳನ್ನು ಎಳೆದುಕೊಳ್ಳುತ್ತಿತ್ತು. ನೂಲಿನ ಉಂಡೆ ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ ಗೇಟಿನವರೆಗೆ ತಂದು ಬಿಟ್ಟರು. ಮನುಷ್ಯರನ್ನು ಸಾಗಿಸಲು ಆ ಮಿಲ್ಲಿನಲ್ಲಿ ಬೇರೆ ಗಾಡಿಯಿಲ್ಲ. ಇದನ್ನು ಬರೆದಿಡುತ್ತೇನೆ, ಒಂದು ದಿನ ಬೇಕಾಗುತ್ತದೆ.

ಮಿಲ್ಲಿನ ವೈದ್ಯರ ಚೀಟಿಯಲ್ಲಿ ಹೀಗಿದೆ: ಒಳಕಿವಿಯ ತೊಂದರೆ, ಅದರಿಂದ ತಲೆಸುತ್ತು, ನಲವತ್ತು ದಿನ ವಿಶ್ರಾಂತಿ. ಅದಕ್ಕಿಂತ ಒಂದು ದಿನ ಹೆಚ್ಚಿನ ರಜೆಯೂ ಅವಳಿಗೆ ಉಳಿದಿಲ್ಲ. ಏಪ್ರಿಲ್ ಹದಿಮೂರಕ್ಕೆ ಮಗ್ಗದ ಮುಂದೆ ನಿಂತಿರಬೇಕು, ಇಲ್ಲವಾದರೆ ಹೆಸರು ಹೊಡೆದುಹಾಕುತ್ತಾರೆ.

ಕಿವಿ ಎಂದಿದ್ದು ನನಗೆ ಅರ್ಥವಾಗಲಿಲ್ಲ. ಅವಳ ಬೆನ್ನ ಹಿಂದೆ ನಿಂತು ಎಂದಿನ ದನಿಯಲ್ಲಿ, "ಅಮ್ಮಾ, ಮನೆಗೆ ಬೆಂಕಿ ಬಿದ್ದಿದೆ" ಎಂದೆ. ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. ಎದುರಿಗೆ ಬಂದು ಅದನ್ನೇ ಹೇಳಿದೆ. ನನ್ನ ತುಟಿ ನೋಡಿ, "ಬಿದ್ರೆ ಬೀಳ್ಲಿ, ಮೊದಲು ಈ ಚಾದರದ ತುದಿ ಹಿಡ್ಕೋ" ಎಂದಳು.

ಮಗ್ಗದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತಾಡುತ್ತಾರೆ. ಅದು ಗೊತ್ತಿತ್ತು. ಮನೆಯಲ್ಲೂ ಅಮ್ಮ ಹಾಗೆಯೇ ಬದುಕುತ್ತಿದ್ದಾಳೆಂದು ಗೊತ್ತಿರಲಿಲ್ಲ. ಹಾಗಾದರೆ ಅವಳು ಒಲೆಯ ಮುಂದೆ ನಿಂತಿರುವಾಗ ಹಿಂದೆ ಕೂತು ಶೋಷಣೆಯ ಬಗ್ಗೆ, ಸಂಘಟನೆಯ ಬಗ್ಗೆ ನಾನು ಆಡಿದ ಮಾತೆಲ್ಲ? ಹಳೆಯ ಕಾಲದ ಮನಸ್ಸು, ಅದಕ್ಕೇ ಉತ್ತರ ಕೊಡುವುದಿಲ್ಲ ಎಂದುಕೊಂಡಿದ್ದೆ. ಇದೇ ಪುಸ್ತಕದಲ್ಲಿ ಅವಳನ್ನು 'ಜಡ ಪ್ರಜ್ಞೆಯ ನಮೂನೆ' ಎಂದು ಬರೆದಿದ್ದೇನೆ. ಇರಲಿ. ತಪ್ಪು ಮಿಲ್ಲಿನದು.

ಮಾರ್ಚ್ 6

ಮಿಲ್ಲಿನ ನಿಯಮ ಪುಸ್ತಕ ಅಚ್ಚಾಗಿದ್ದು ನಮ್ಮ ಪ್ರೆಸ್ಸಿನಲ್ಲೇ. ಅಟ್ಟದ ಮೇಲೆ ಒಂದು ಹರಿದ ಪ್ರತಿ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಈ ಪ್ರೆಸ್ಸಿನಲ್ಲಿ, ಕರಪತ್ರ ಮಡಿಸುತ್ತ ಓದಿದ್ದು. ಮೊದಲ ಮಡಿಕೆಯಲ್ಲಿ ಅನ್ಯಾಯ, ಎರಡನೆಯದರಲ್ಲಿ ಕಾರಣ, ಮೂರನೆಯದರಲ್ಲಿ ಕರೆ. "ನಿನಗೆ ಸಂಬಳ ಮಡಿಸೋದಕ್ಕೆ, ಓದೋದಕ್ಕಲ್ಲ" ಎನ್ನುತ್ತಾರೆ ಯಜಮಾನರು. ಓದದೆ ಮಡಿಸುವವರಿಂದಲೇ ಲೋಕ ಹೀಗಿರುವುದು.

ಕಲಂ ಹದಿನೇಳು: ಇಪ್ಪತ್ತು ವರ್ಷ ಸೇವೆ ಮುಗಿಸಿದವರು ಅನಾರೋಗ್ಯದಿಂದ ಕೆಲಸಕ್ಕೆ ಶಾಶ್ವತವಾಗಿ ಅಸಮರ್ಥರೆಂದು ವೈದ್ಯ ಮಂಡಳಿ ದೃಢಪಡಿಸಿದರೆ ಅವಧಿಗೆ ಮೊದಲೇ ಪಿಂಚಣಿಯೊಂದಿಗೆ ನಿವೃತ್ತರಾಗಬಹುದು. ತಾನಾಗಿ ಕೆಲಸ ಬಿಟ್ಟವರಿಗೆ ಪಿಂಚಣಿಯಿಲ್ಲ. ಅಮ್ಮನಿಗೆ ವಯಸ್ಸು ನಲವತ್ತಾರು, ಸೇವೆ ಇಪ್ಪತ್ತೆರಡು ವರ್ಷ. ಇನ್ನೇನು ಬೇಕು.

ಅವಳಿಗೆ ಓದಿ ಹೇಳಿದೆ. 'ಅಸಮರ್ಥ' ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದಳು. ಬೇರೆ ಪದ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. "ಒಂಟಿಯಾಗಿ ಆರು ಮಗ್ಗ ನೋಡ್ಕೊಂಡೋಳು ನಾನು. ಆರು ಮಗ್ಗದ ಅಸಮರ್ಥೆ ಅಂತ ಬರೀತಾರೇನೋ ಕೇಳು" ಎಂದಳು. ಪದಕ್ಕೆ ಹೆದರಬಾರದು, ಪದವನ್ನು ಆಯುಧವಾಗಿ ಹಿಡಿಯಬೇಕು ಎಂದೆ. ಅಷ್ಟು ಹೊತ್ತಿಗೆ ಅವಳು ಆ ಕಡೆ ತಿರುಗಿದ್ದಳು.

ಮಾರ್ಚ್ 8

ಅರ್ಜಿ ಕೊಟ್ಟೆವು. ಪಿಂಚಣಿ ವಿಭಾಗದ ಗುಮಾಸ್ತ ಎರಡು ಸಲ ಓದಿ, "ಇದು ಅರ್ಜಿನೋ ನೋಟೀಸೋ?" ಎಂದ. 'ದಯವಿಟ್ಟು' ಎಂಬ ಪದ ನಾನು ಬೇಕೆಂದೇ ಹಾಕಿರಲಿಲ್ಲ. ಹಕ್ಕಿಗೆ ದಯೆ ಯಾಕೆ? ಅಮ್ಮ ಅವನ ಪೆನ್ನನ್ನೇ ತೆಗೆದುಕೊಂಡು ಅಂಚಿನಲ್ಲಿ ತನ್ನ ದಪ್ಪ ಅಕ್ಷರಗಳಲ್ಲಿ ಆ ಪದ ಸೇರಿಸಿಬಿಟ್ಟಳು. ಗುಮಾಸ್ತ ನಗುತ್ತ ಪಕ್ಕದವನಿಗೆ, "ಕಿವಿ ಕೇಳದೋರೇ ಜಾಸ್ತಿ ಕೇಳ್ತಾರೆ ನೋಡಿ" ಎಂದ. ಅವನು ಮುಖ ತಿರುಗಿಸಿ ಹೇಳಿದ್ದರಿಂದ ಅಮ್ಮನಿಗೆ ಗೊತ್ತಾಗಲಿಲ್ಲ. ಏನಂದ ಎಂದು ದಾರಿಯಲ್ಲಿ ವಿಚಾರಿಸಿದಳು. ಹೇಳಿದೆ. ಸತ್ಯ ಎಷ್ಟೇ ಕಹಿಯಾದರೂ ಹೇಳಿಯೇ ತೀರಬೇಕು, ಇದು ನನ್ನ ಪ್ರತಿಜ್ಞೆ. ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ನನಗಿಂತ ಮುಂದೆ ನಡೆದಳು.

ಮಾರ್ಚ್ 20, ಬುಧವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಂಡಳಿಯಲ್ಲಿ ಮೂವರು ವೈದ್ಯರು. ನನ್ನನ್ನು ಹೊರಗೆ ನಿಲ್ಲಿಸಿದರು. ಬಾಗಿಲಿಗೆ ಅಂಗೈಯಗಲದ ಗಾಜು ಇದೆ, ಅದರಲ್ಲಿ ನೋಡಿದೆ. ಅಮ್ಮನ ಕಿವಿಗೆ ಹೆಡ್‌ಫೋನು ಹಾಕಿದರು. ಪಕ್ಕದ ಮೇಜಿನಲ್ಲಿ ಯಂತ್ರದ ಮುಂದೆ ಕೂತಿದ್ದವನು, ಮಿಲ್ಲಿನ ಹೆಂಗಸರೆಲ್ಲ ಕೊಕ್ಕರೆ ಎಂದು ಕರೆಯುವ ಆ ಉದ್ದ ಕತ್ತಿನ ತಂತ್ರಜ್ಞ. ಪ್ರತಿ ವರ್ಷದ ಆರೋಗ್ಯ ತಪಾಸಣೆಯಲ್ಲಿ ಎಲ್ಲರ ಕಿವಿ ನೋಡುವವನೂ ಅವನೇ. ಅವನು ಗುಂಡಿ ಒತ್ತಿದಾಗ ಹೆಡ್‌ಫೋನಿನಲ್ಲಿ ಸದ್ದು ಬರುತ್ತದೆ, ಸದ್ದು ಕೇಳಿಸಿದರೆ ಬೆರಳೆತ್ತಬೇಕು.

ಅಮ್ಮ ಬೆರಳೆತ್ತಿದಳು. ಮತ್ತೆ ಎತ್ತಿದಳು. ಪ್ರತಿ ಸಲವೂ, ಪಾಠ ಬಾಯಿಗೆ ಬರುವ ಹುಡುಗಿಯಂತೆ, ತಡವಿಲ್ಲದೆ ಎತ್ತಿದಳು.

ಶ್ರವಣ ಸಾಧಾರಣ, ಕೆಲಸಕ್ಕೆ ಯೋಗ್ಯ ಎಂದು ಬರೆದರು. ತಲೆಸುತ್ತಿನ ಗತಿ ಏನು ಎಂದು ಒಳನುಗ್ಗಿ ಕೇಳಿದೆ. ಹಿರಿಯ ವೈದ್ಯರು ಕನ್ನಡಕವನ್ನು ಹಣೆಗೆ ಏರಿಸಿ, "ತಲೆ ಸುತ್ತುತ್ತೆ ಅನ್ನೋದು ನೀವು ಹೇಳೋದು. ಕಿವಿ ಸರಿಯಿದೆ ಅನ್ನೋದು ಯಂತ್ರ ಹೇಳೋದು. ನಾನು ಯಾರ ಮಾತು ಕೇಳ್ಲಿ?" ಎಂದರು. ನೀವೆಲ್ಲ ಮಿಲ್ಲಿಗೆ ಮಾರಿಕೊಂಡವರು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅಮ್ಮ ನನ್ನ ರಟ್ಟೆ ಹಿಡಿದು ಹೊರಗೆಳೆದಳು.

ಮೆಟ್ಟಿಲ ಮೇಲೆ ಕೂತಳು. ಮುಖ ಸುಣ್ಣದಂತಾಗಿತ್ತು. "ಅವರನ್ನ ಬೈಬೇಡ. ಒಂದೂ ಕೇಳಿಸ್ಲಿಲ್ಲ ಕಣೇ. ಕೈ ತಾನೇ ಎದ್ದುಬಿಡ್ತು."

ಮಾರ್ಚ್ 21

ಇವತ್ತು ಎಲ್ಲ ಹೇಳಿದಳು. ಅವರು ಅದನ್ನು ಮೊಣಕೈ ಪಾಠ ಎನ್ನುತ್ತಾರಂತೆ.

ವರ್ಷದ ತಪಾಸಣೆಯಲ್ಲಿ ಕಿವಿ ಮಂದವೆಂದು ಬಂದರೆ ಶೆಡ್ಡಿನಿಂದ ಹೊರಗೆ. ಮಗ್ಗ ಶುರುವಾಗುವ ಮುಂಚಿನ ಗಂಟೆ ಕೇಳದವರನ್ನು ಒಳಗೆ ಬಿಡಬಾರದೆಂಬುದು ನಿಯಮ. ಆದರೆ ಹತ್ತು ವರ್ಷ ಮಗ್ಗದ ಮುಂದೆ ನಿಂತವರಲ್ಲಿ ಯಾರ ಕಿವಿ ಉಳಿದಿದೆ? ಹಾಗಾಗಿ ಹಳಬರು ಹೊಸಬರಿಗೆ ಕಲಿಸುತ್ತಾರೆ: ಕೊಕ್ಕರೆ ಗುಂಡಿ ಒತ್ತುವಾಗ ಅವನ ಮೊಣಕೈ ಮೇಲೇಳುತ್ತದೆ, ಗೋಡೆ ನೋಡುತ್ತಿರುವಂತೆ ಕೂತು ಕಣ್ಣಂಚಿನಲ್ಲಿ ಮೊಣಕೈ ನೋಡು, ಎದ್ದ ಕೂಡಲೇ ಬೆರಳೆತ್ತು. ಅಮ್ಮನಿಗೆ ಕಲಿಸಿದ್ದು ಶೆಡ್ಡಿನ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುವವಳು. ಅಮ್ಮ ತಾನು ಒಂಬತ್ತು ಜನಕ್ಕೆ ಕಲಿಸಿದ್ದಾಳೆ. ಹನ್ನೊಂದು ವರ್ಷ ಹೀಗೇ ಪಾಸಾಗಿದ್ದಾಳೆ.

"ಫೇಲಾಗ್ಬೇಕು ಅಂತ ಮನಸ್ಸಲ್ಲಿ ಹೇಳ್ಕೊಂಡೇ ಹೋಗಿದ್ದೆ. ಅವನ ಮೊಣಕೈ ಎದ್ದಾಗ ಮನಸ್ಸನ್ನ ಯಾರು ಕೇಳ್ತಾರೆ?"

ಹತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಮೊದಲ ಪರೀಕ್ಷೆ ಯಾಕೆ ತಪ್ಪು ಎಂದು ಕಾರಣ ಬರೆಯಬೇಕು. ಕಾರಣ ನಮ್ಮ ಕೈಯಲ್ಲೇ ಇದೆ. ಸತ್ಯ ಬರೆದರೆ ಸಾಕು.

ಮಾರ್ಚ್ 22

ಸತ್ಯವನ್ನು ಮೇಲ್ಮನವಿಯ ಒಂದು ಸಾಲಿನಲ್ಲಿ ಹೂಳಬಾರದು. ಅದು ಬೀದಿಗೆ ಬರಬೇಕು. ಕೂತ ಕಡೆಯೇ ಕರಪತ್ರ ಬರೆದೆ. ಶೀರ್ಷಿಕೆ: 'ಕಿವಿ ಕಿತ್ತುಕೊಂಡವರು ಕಿವಿ ಪರೀಕ್ಷಿಸುತ್ತಾರೆ!' ಮೊದಲ ಮಡಿಕೆ, ಮಿಲ್ಲು ಹೇಗೆ ಕಿವುಡು ಮಾಡುತ್ತದೆ. ಎರಡನೆಯದು, ಹೆಂಗಸರು ಅದನ್ನು ಮುಚ್ಚಿಡುವಂತೆ ಹೇಗೆ ಮಾಡುತ್ತದೆ, ಮೊಣಕೈ ಪಾಠದ ವಿವರ ಸಮೇತ. ಮೂರನೆಯದು, ಎಲ್ಲ ಕಾರ್ಮಿಕರ ಮರುಪರೀಕ್ಷೆಗೆ ಒತ್ತಾಯ. ಸುಳ್ಳಿನ ಮೇಲೆ ಕಟ್ಟಿದ ಬದುಕು ಬದುಕಲ್ಲ ಎಂದು ಮುಗಿಸಿದೆ. ನಾನು ಬರೆದದ್ದರಲ್ಲೇ ಅತ್ಯುತ್ತಮ. ಊಟದ ಬಿಡುವಿನಲ್ಲಿ ಇನ್ನೂರು ಪ್ರತಿ ತೆಗೆದೆ. ಸೋಮವಾರ ಬೆಳಗಿನ ಪಾಳಿಗೆ ಗೇಟಿನಲ್ಲಿ ಹಂಚುತ್ತೇನೆ.

ಅಮ್ಮನಿಗೆ ಒಂದು ಪ್ರತಿ ಕೊಟ್ಟೆ. ಓದಿದಳು. ಮಡಿಕೆಯ ಗೆರೆಯಲ್ಲೇ ಮತ್ತೆ ಮಡಿಸಿದಳು. ಸೆರಗಿಗೆ ಸಿಕ್ಕಿಸಿಕೊಂಡಳು. ಹೆಮ್ಮೆಯಿಂದ ಇರಬೇಕು.

ಮಾರ್ಚ್ 24, ಭಾನುವಾರ

ಹೆಮ್ಮೆಯಿಂದಲ್ಲ. ಬೆಳಿಗ್ಗೆಯೇ ಎದುರು ಮನೆಯವರ ಕೈಲಿ ಹೇಳಿ ಕಳಿಸಿ ದೊಡ್ಡಕ್ಕನನ್ನು ಕರೆಸಿದ್ದಳು. ಜೊತೆಗೆ ಎಡಚಿ ಬಂದಿದ್ದಳು. ಎಡಗೈಯಲ್ಲಿ ಎಳೆ ಗಂಟು ಹಾಕುತ್ತಾಳೆಂದು ಆ ಹೆಸರು. ನನಗಿಂತ ಆರೇಳು ವರ್ಷ ದೊಡ್ಡವಳು, ಎರಡು ಮಕ್ಕಳು, ಗಂಡ ಬಿಟ್ಟು ಹೋಗಿದ್ದಾನೆ.

ದೊಡ್ಡಕ್ಕ ಕರಪತ್ರವನ್ನು ಕೈಯಲ್ಲೂ ಹಿಡಿಯಲಿಲ್ಲ. ಒಂದೇ ಪ್ರಶ್ನೆ ಹಾಕಿದಳು.

"ಮೊಣಕೈ ನೋಡೋರು ಒಟ್ಟು ಹದಿನೈದು ಜನ. ಅದರಲ್ಲಿ ಇಪ್ಪತ್ತು ವರ್ಷ ಮುಗಿಸಿದೋರು ಎಷ್ಟು ಜನ, ಹೇಳವ್ವ?"

ನನಗೆ ಗೊತ್ತಿರಲಿಲ್ಲ. ನಿಯಮ ಪುಸ್ತಕ ಇಡೀ ಬಾಯಿಗೆ ಬರುತ್ತದೆ, ಇದು ಗೊತ್ತಿರಲಿಲ್ಲ.

ನಾಲ್ಕು ಜನ. ಮರುಪರೀಕ್ಷೆಯಾದರೆ ನಾಲ್ಕು ಜನಕ್ಕೆ ಪಿಂಚಣಿ, ಹನ್ನೊಂದು ಜನ ಬರಿಗೈಯಲ್ಲಿ ಗೇಟಿನ ಹೊರಗೆ. ಎಡಚಿಯದು ಎಂಟು ವರ್ಷ. ಅನ್ಯಾಯವನ್ನು ಸಹಿಸುವುದೂ ಅನ್ಯಾಯವೇ ಎಂದೆ. ಎಡಚಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಗ ತಿಳಿಯಿತು, ಇವಳಿಗೂ ಕೇಳಿಸುವುದಿಲ್ಲ. ಇನ್ನೂ ಮೂವತ್ತು ತುಂಬಿಲ್ಲ.

"ನೀನು ಹೇಳೋದೆಲ್ಲ ಸರಿ," ಎಂದಳು. "ನಾನು ಹಂಚ್ಬೇಡ ಅನ್ನಲ್ಲ. ಯಾವತ್ತು ಹಂಚ್ತೀಯ ಅಂತ ಮಾತ್ರ ಮುಂಚೆ ಹೇಳು. ಬೇರೆ ಕೆಲಸ ಹುಡುಕ್ಬೇಕು."

ಅವರು ಹೋದ ಮೇಲೆ ಅಮ್ಮನ ಜೊತೆ ಜಗಳವಾಯಿತು. ಮೇಲ್ಮನವಿ ಹಾಕುವುದಿಲ್ಲ, ಹದಿಮೂರಕ್ಕೆ ಕೆಲಸಕ್ಕೆ ಹೋಗುತ್ತೇನೆ ಎಂದಳು. ಮಗ್ಗದ ಮೇಲೆ ಬಿದ್ದರೆ ಎಂದು ಕೇಳಿದೆ. "ಬಿದ್ರೆ ನಾನೊಬ್ಬಳು ಬೀಳ್ತೀನಿ" ಎಂದಳು.

ಮಾರ್ಚ್ 25

ಹಂಚಲಿಲ್ಲ. ಪ್ರೆಸ್ಸಿಗೆ ಬೇಗ ಹೋಗಬೇಕಿತ್ತು.

ಮಾರ್ಚ್ 27

ಇವತ್ತೂ ಹಂಚಲಿಲ್ಲ. ಅಮ್ಮ ಬಚ್ಚಲಿನಲ್ಲಿ ಗೋಡೆ ಹಿಡಿದು ಬಹಳ ಹೊತ್ತು ನಿಂತಿದ್ದಳು. ಬಾಗಿಲು ತಟ್ಟಿ ಏನು ಪ್ರಯೋಜನ ಎಂದು ನೆನಪಾಗಿ, ಸಂದಿಯಿಂದ ಬೆಳಕಿಗೆ ಕೈ ಅಡ್ಡ ಹಿಡಿದೆ. ನೆರಳು ನೋಡಿ, "ಬಂದೆ" ಎಂದಳು.

ಮೇಲ್ಮನವಿಗೆ ಮೂರು ದಿನ ಉಳಿದಿದೆ.

ಮಾರ್ಚ್ 28

ಕೊಕ್ಕರೆಯ ಮನೆ ಹುಡುಕಿಕೊಂಡು ಹೋದೆ. ನಿನ್ನ ಅಜಾಗರೂಕತೆಯಿಂದ ಒಂದು ಜೀವ ಅಪಾಯದಲ್ಲಿದೆ ಎಂದು ಹೇಳಲು ಹೊರಟಿದ್ದೆ. ಜಗುಲಿಯಲ್ಲಿ ಕೂತು ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ತನ್ನ ಬಲಗೈ ತೋರುಬೆರಳಿನಿಂದ ಮಂಡಿಯ ಮೇಲೆ ಒಮ್ಮೆ ಒತ್ತಿ ತೋರಿಸಿದ. ಮೊಣಕೈ ಅಲುಗಲೇ ಇಲ್ಲ.

"ಗುಂಡಿ ಒತ್ತೋಕೆ ಇಷ್ಟು ಸಾಕು. ಹದಿನಾರು ವರ್ಷದಿಂದ ಮೊಣಕೈ ಎತ್ತಿ ಎತ್ತಿ ಒತ್ತೋದು ಯಾಕೆ ಅಂದ್ಕೊಂಡಿದ್ದೀರಿ, ವ್ಯಾಯಾಮಕ್ಕಾ?"

ಹೆಂಗಸರು ಅವನಿಂದ ಕದಿಯುತ್ತಿದ್ದೇವೆ ಎಂದುಕೊಂಡಿದ್ದನ್ನು ಅವನು ಕೊಡುತ್ತಲೇ ಇದ್ದ.

"ಅವತ್ತು ನಿಮ್ಮಮ್ಮ ಗಾಬರಿಯಾಗಿದ್ರು. ಮೂರು ಜನ ದೊಡ್ಡ ಡಾಕ್ಟರು ಬೇರೆ ಎದುರಿಗೆ. ಪಾಪ ಅಂತ ಇನ್ನೊಂದಿಷ್ಟು ಎತ್ತರಕ್ಕೇ ಎತ್ತಿದೆ. ಈ ಸಲ ಫೇಲಾಗೋಕೆ ಬಂದಿದ್ದಾರೆ ಅಂತ ನನಗೆ ಯಾರು ಹೇಳಿದ್ರು?"

ಹೌದು, ಯಾರೂ ಹೇಳಿರಲಿಲ್ಲ. ಅರ್ಜಿ ಬರೆದವಳು ನಾನು. ಕೇಳಿಕೊಳ್ಳಬೇಕಾದವರನ್ನು ಕೇಳಿರಲಿಲ್ಲ.

ಆಮೇಲೆ ಅವನೇ ದಾರಿ ಹೇಳಿದ. ಪರೀಕ್ಷೆಯ ದಿನ ಯಂತ್ರ ಕೆಟ್ಟಿತ್ತು ಎಂದು ಬರೆಯಿರಿ, ಹೌದು ಎಂದು ನಾನು ಸಹಿ ಹಾಕುತ್ತೇನೆ. ನಿಮಗೆ ತೊಂದರೆಯಾಗುವುದಿಲ್ಲವೇ ಎಂದೆ. ಬೈಸಿಕೊಳ್ಳಬೇಕಾಗುತ್ತದೆ ಎಂದು ಚಪ್ಪಲಿಯ ದಾರ ಹಲ್ಲಿನಿಂದ ಕಡಿದ. "ಯಂತ್ರಕ್ಕೆ ಹೆಂಡತಿ ಮಕ್ಕಳಿಲ್ಲ. ತಪ್ಪು ಅದರ ತಲೆ ಮೇಲೆ ಹಾಕಿ."

ಮಾರ್ಚ್ 30

ಮೇಲ್ಮನವಿ ಕೊಟ್ಟೆ. ಕೊನೆಯ ದಿನ, ಕಚೇರಿ ಮುಚ್ಚುವ ಮುನ್ನ. ಮೊಣಕೈಯ ಮಾತು ಎಲ್ಲೂ ಇಲ್ಲವೆಂದು ಓದಿ ನೋಡಿದ ಮೇಲೆಯೇ ಅಮ್ಮ ಸಹಿ ಹಾಕಿದ್ದಳು. ಕಾರಣ: 'ಪರೀಕ್ಷೆಯ ದಿನ ಯಂತ್ರ ಸರಿಯಿರಲಿಲ್ಲ.' ವಿಶಾಲ ಅರ್ಥದಲ್ಲಿ ಇದು ಸುಳ್ಳಲ್ಲ. ಆ ಮಿಲ್ಲಿನ ಇಡೀ ಯಂತ್ರವೇ ಸರಿಯಿಲ್ಲ.

ಗುಮಾಸ್ತ ಓದಿ, ಅಬ್ಬ, ಈ ಸಲ ಮನುಷ್ಯರ ಭಾಷೆ ಎಂದ. ಮರುಪರೀಕ್ಷೆ ಏಪ್ರಿಲ್ ಹತ್ತಕ್ಕೆ. ಅದೇ ಕೊನೆ, ಮತ್ತೆ ಮೇಲ್ಮನವಿ ಇಲ್ಲ.

ಏಪ್ರಿಲ್ 3

ಅಭ್ಯಾಸ. ಕೊಕ್ಕರೆ ಈ ಸಲ ಮೊಣಕೈ ಎತ್ತುವುದಿಲ್ಲ, ಆದರೆ ಅವನ ಬದಲು ಬೇರೆಯವರು ಕೂತು ಎತ್ತಿದರೆ? ಗೋಡೆಗೆ ಮುಖ ಮಾಡಿ ಅಮ್ಮ ಕುರ್ಚಿಯಲ್ಲಿ, ಪಕ್ಕದಲ್ಲಿ ಕೊಕ್ಕರೆಯಾಗಿ ನಾನು. ಮೊಣಕೈ ಎತ್ತುತ್ತೇನೆ, ಅವಳು ಬೆರಳೆತ್ತಬಾರದು. ಇಪ್ಪತ್ತರಲ್ಲಿ ಹದಿನೇಳು ಸಲ ಎತ್ತಿದಳು. ಕಣ್ಣು ಮುಚ್ಚಿಕೋ ಎಂದೆ. ಮುಚ್ಚಿದ ಕೂಡಲೇ ತಲೆ ಸುತ್ತಿ ಕುರ್ಚಿಯಿಂದ ಜಾರಿದಳು. ಹಿಡಿದುಕೊಂಡೆ. ಎಷ್ಟು ಹಗುರವಾಗಿದ್ದಾಳೆ.

"ಪಾಸಾಗೋದು ಒಂದು ವಾರದಲ್ಲಿ ಕಲಿತಿದ್ದೆ. ಫೇಲಾಗೋಕೆ ಟ್ಯೂಷನ್ ಬೇಕಾಯ್ತು ನೋಡು" ಎಂದು ನಕ್ಕಳು. ನಗುವಾಗಲೂ ನನ್ನ ತೋಳು ಬಿಟ್ಟಿರಲಿಲ್ಲ.

ಏಪ್ರಿಲ್ 5

ಇಪ್ಪತ್ತರಲ್ಲಿ ಹನ್ನೆರಡು.

ಏಪ್ರಿಲ್ 7, ಭಾನುವಾರ

ಇಪ್ಪತ್ತರಲ್ಲಿ ಒಂಬತ್ತು. ಸಾಲದು.

ಮಧ್ಯಾಹ್ನ ಎಡಚಿಯ ಮನೆಗೆ ಹೋಗಿದ್ದೆ, ಅಲ್ಲಿಂದ ಉಳಿದವರಲ್ಲಿ ನಾಲ್ವರ ಮನೆಗಳಿಗೆ. ಯಾರದು ಎಷ್ಟು ವರ್ಷ ಎಂದು ಬರೆದುಕೊಂಡೆ: ಎಂಟು, ಹನ್ನೊಂದು, ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತು. ಹತ್ತೊಂಬತ್ತರವಳಿಗೆ ಇನ್ನೂ ಐದು ತಿಂಗಳು ಮೊಣಕೈ ನೋಡಬೇಕು. ಕಲಂ ಹದಿನೇಳರ ಇಪ್ಪತ್ತನ್ನು ಹತ್ತು ಮಾಡಿ ಎಂದು ಕೇಳಿದರೆ ಬರುತ್ತೀರಾ ಎಂದೆ. ಮೊದಲು ನಿಮ್ಮಮ್ಮನದು ಮುಗಿಯಲಿ ಎಂದರು. ಮೂವರು ಮಾತ್ರ ಬರುತ್ತೇವೆ ಎಂದರು. ದಾರಿಯಲ್ಲಿ ಪ್ರೆಸ್ಸಿನ ಬೀಗ ತೆಗೆಸಿ ಆ ಇನ್ನೂರು ಪ್ರತಿಗಳನ್ನು ಕತ್ತರಿ ಯಂತ್ರಕ್ಕೆ ಹಾಕಿದೆ. ಕಾಗದ ಸುಮ್ಮನೆ ಜಾಗ ತಿನ್ನುತ್ತಿತ್ತು.

ಮನೆಗೆ ಬಂದಾಗ ಅಮ್ಮ ಕೆಲಸದ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಹದಿಮೂರಕ್ಕೆ ಬೇಕಾದರೆ ಇರಲಿ ಎಂದಳು. ಎದುರಿಗೆ ಕೂತು ಮೆಲ್ಲಗೆ, ಒಂದೊಂದೇ ಪದವಾಗಿ, ಬೇಕಾಗುವುದಿಲ್ಲ ಎಂದೆ. ಬೇಕಾಗುತ್ತದೆಂದೇ ನನಗೂ ಅನಿಸುತ್ತಿತ್ತು.

ಏಪ್ರಿಲ್ 10, ಬುಧವಾರ

ಅದೇ ಕೋಣೆ. ಹಿರಿಯ ವೈದ್ಯರು ನನ್ನ ಗುರುತು ಹಿಡಿದರು. ಮಾರಿಕೊಂಡವರು ಎಂದಿದ್ದು ನೀವೇ ಅಲ್ಲವೇ ಎಂದರು. ಹೌದು, ತಪ್ಪಾಯಿತು ಎಂದೆ. ಹೊರಗಿರಿ ಎಂದರು.

ಗಾಜಿನಲ್ಲಿ ನೋಡಿದೆ. ಕೊಕ್ಕರೆ ಯಂತ್ರದ ಸ್ವಿಚ್ಚಿಗೆ ಕೈ ಹಾಕಿದ. ವೈದ್ಯರು ಬೇಡವೆಂದರು. ಯಂತ್ರ ಕೆಟ್ಟಿದೆ ಎಂದು ಬರೆದುಕೊಟ್ಟ ಮೇಲೆ ಯಂತ್ರ ಯಾಕೆ? ಡ್ರಾಯರಿನಿಂದ ಹಿಡಿಯಿರುವ ಕಂಚಿನ ಗಂಟೆ ತೆಗೆದರು. ಅಮ್ಮನ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ತಾವು ಅವಳ ಬೆನ್ನ ಹಿಂದೆ ಕೋಣೆಯ ಆ ತುದಿಗೆ ಹೋದರು. ಕೇಳಿಸಿದಾಗ ಬೆರಳೆತ್ತಲು ಹೇಳಿದ್ದರು. ಕೊಕ್ಕರೆ ಎರಡೂ ಕೈ ಜೇಬಿಗೆ ತುರುಕಿ ಗೋಡೆಗೆ ಒರಗಿದ.

ಅಮ್ಮ ಅವನ ಕಡೆ ನೋಡಿದಳು. ನೋಡಲು ಮೊಣಕೈ ಇರಲಿಲ್ಲ. ಆಗ ನೇರವಾಗಿ ಮುಂದೆ ನೋಡಿದಳು. ಮುಂದೆ ಇದ್ದದ್ದು ಬಾಗಿಲ ಗಾಜು, ಗಾಜಿನಲ್ಲಿ ನನ್ನ ಮುಖ.

ಮೊದಲ ಗಂಟೆ ಬಾಗಿಲಿನಿಂದ ಈಚೆಗೂ ಸ್ಪಷ್ಟವಾಗಿ ಕೇಳಿಸಿತು. ನನ್ನ ರೆಪ್ಪೆ ಅಲುಗಿತು. ಅವಳ ಕೈ ಮಂಡಿಯಿಂದ ಒಂದಿಷ್ಟು ಎದ್ದಿತು. ಅವಳು ಬೇಕೆಂದು ಮಾಡುತ್ತಿರಲಿಲ್ಲ. ಯಾವ ಮುಖ ಸಿಕ್ಕಿದರೂ ಓದುವುದು, ಓದಿ ಪಾಸಾಗುವುದು, ಅಷ್ಟೇ ಅವಳಿಗೆ ಗೊತ್ತು. ನಾನು ಹಲ್ಲು ಕಚ್ಚಿದೆ. ಮುಖವನ್ನು ಕಲ್ಲು ಮಾಡಿಕೊಂಡೆ. ಕೈ ಅರ್ಧದಲ್ಲೇ ನಿಂತು ಕೆಳಗಿಳಿಯಿತು.

ಎರಡನೆಯ ಗಂಟೆ. ಮೂರನೆಯದು, ಹತ್ತಿರ. ಅವಳು ನನ್ನ ಮುಖದಲ್ಲಿ ಹುಡುಕುತ್ತಲೇ ಇದ್ದಳು, ಸಂತೆಯಲ್ಲಿ ಕೈತಪ್ಪಿದ ಮಗು ಹುಡುಕುವ ಹಾಗೆ. ನಾನು ಏನನ್ನೂ ಕೊಡಲಿಲ್ಲ. ನಾಲ್ಕನೆಯದು. ಐದನೆಯದನ್ನು ಅವಳ ಬಲಕಿವಿಯ ಪಕ್ಕದಲ್ಲೇ, ಆರನೆಯದನ್ನು ಎಡಕಿವಿಯ ಪಕ್ಕದಲ್ಲಿ ಬಾರಿಸಿದರು. ಓಣಿಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ಕೂತರು. ಅಮ್ಮನ ಕಿವಿಯ ಹತ್ತಿರದ ಕೂದಲು ಅಲುಗಿದ್ದು ಕಾಣಿಸಿತು. ಅವಳು ಅಲುಗಲಿಲ್ಲ. ಒಂದಾದರೂ ಕೇಳಿಸಲಿ, ಒಂದೇ ಒಂದು ಬೆರಳು ಏಳಲಿ ಎಂದು ನನಗೆ ಯಾಕೆ ಅನಿಸಿತೋ. ಎದ್ದಿದ್ದರೆ ಎಲ್ಲ ಹೋಗುತ್ತಿತ್ತು.

ವೈದ್ಯರು ಗಂಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವಳ ಎದುರಿಗೆ ಬಂದು, ಬಗ್ಗಿ, ಅವಳಿಗೆ ತುಟಿ ಕಾಣುವ ಹಾಗೆ ಏನೋ ಹೇಳಿದರು. ಆಮೇಲೆ ಕೂತು ಬರೆದರು. ಶಾಶ್ವತವಾಗಿ ಅಸಮರ್ಥ. ಕಲಂ ಹದಿನೇಳರಂತೆ ಪಿಂಚಣಿಗೆ ಅರ್ಹ. ಮೂವರ ಸಹಿ, ಮೊಹರು.

ಹೊರಗೆ ಬಂದವಳು ಕಾಗದವನ್ನು ನನ್ನ ಕೈಗಿಟ್ಟು ಬೆಂಚಿನ ಮೇಲೆ ಕೂತಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಬಹಳ ಹೊತ್ತು ತನ್ನ ಬೆರಳುಗಳನ್ನೇ ನೋಡಿಕೊಂಡಳು. ನಾನು ಮುಂದೆ ಮಂಡಿಯೂರಿ ಕೂತೆ, ಮುಖ ಅವಳ ಮುಖಕ್ಕೆ ಸರಿಯಾಗಿ.

"ಬಾರಿಸಿದ್ರಾ?" ಎಂದಳು.

"ಬಾರಿಸಿದ್ರು."

"ಎಷ್ಟು ಸಲ?"

"ಎರಡು ಸಲ ಅಮ್ಮ. ದೂರದಿಂದ, ಬಹಳ ಮೆಲ್ಲಗೆ. ನನಗೂ ಕೇಳಿಸ್ಲಿಲ್ಲ."

ನನ್ನ ತುಟಿಯನ್ನೇ ನೋಡಿದಳು. ಒಂದು ಪದವೂ ತಪ್ಪದ ಹಾಗೆ ನಿಧಾನವಾಗಿ ಹೇಳಿದ್ದೆ.

"ಹಂಗಾದ್ರೆ ಯಾರಿಗೂ ಕೇಳಿಸ್ತಿರಲಿಲ್ಲ ಬಿಡು," ಎಂದು ಎದ್ದಳು.